ಮೂರನೆಯ ಕೂಗು

ಊಹಿಸಿ ನೋಡೋಣ. ಹನ್ನೊಂದು ವರ್ಷದ ಒಬ್ಬ ಹುಡುಗಿ, ಎರಡು ದಿನದಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ. ಒಳಗೆ ಬಿಸಿ ಮುದ್ದೆ, ಹುರುಳಿ ಸಾರು. ಮನೆಯಾಕೆ ಒಳಗಿನಿಂದಲೇ "ಏ ಹುಡುಗೀ, ಉಣ್ಣೋಕೆ ಬಾ" ಎಂದು ಕರೆದಳು. ಹುಡುಗಿಯ ಕಿವಿ ಚೆನ್ನಾಗಿಯೇ ಇದೆ, ಸಾರಿನ ಘಮ ಮೂಗಿಗೂ ಬಂದಿದೆ. ಆದರೂ ಹೊಸ್ತಿಲಾಚೆ ಕಂಬದ ಹಾಗೆ ನಿಂತೇ ಇದ್ದಳು. ಸಾರು ಆರಿತು. ಮನೆಯಾಕೆ ದಡಾರನೆ ಬಾಗಿಲು ಹಾಕಿಕೊಂಡಳು. ಯಾಕೆ ಹೋಗಲಿಲ್ಲ? ಜಂಬವೇ, ಭಯವೇ, ಮುನಿಸೇ? ಮೂರೂ ಅಲ್ಲ. ನೀವು ಸಂಜೆವರೆಗೆ ಊಹಿಸಿದರೂ ಸಿಕ್ಕಲಾರದು ಬಿಡಿ. ಅದನ್ನು ಹೇಳಬೇಕಾದರೆ ಹೊಳೆಯ ಆಚೆ ದಡದಿಂದ ಶುರುಮಾಡಬೇಕು.

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ಉಪ್ಪುನಾಡು ಅಂತ ಒಂದು ರಾಜ್ಯವಿತ್ತು. ಅದರ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ದೊಡ್ಡಹೊಳೆ. ಆ ನಾಡಿನ ಜವುಗಿನಲ್ಲಿ ಕೂಗುಮಾರಿ ಎಂಬ ಪ್ರಾಣಿ ಇತ್ತು. ಕತ್ತೆಕಿರುಬನ ಮೈ, ಕೊಕ್ಕರೆಯ ಕತ್ತು, ಬಾಯಿ ಮಾತ್ರ ಮನುಷ್ಯರದು. ಅದು ಒಬ್ಬರ ದನಿಯನ್ನು ನುಂಗಿ, ಅದೇ ದನಿಯಲ್ಲಿ ಇನ್ನೊಬ್ಬರನ್ನು ಕೂಗುತ್ತಿತ್ತು. "ಓ" ಎಂದರೆ ಮುಗಿಯಿತು. ಓಗೊಟ್ಟವರ ದನಿ ಅದರ ಗಂಟಲಿಗೆ ಸೇರುತ್ತಿತ್ತು, ಓಗೊಟ್ಟವರು ನಿಂತಲ್ಲೇ ಉಪ್ಪಿನ ಬೊಂಬೆಯಾಗುತ್ತಿದ್ದರು. ಆದರೆ ಅದಕ್ಕೊಂದು ಮಿತಿ. ಒಂದು ದನಿಯಲ್ಲಿ ಒಂದು ಹೆಸರನ್ನು ಎರಡೇ ಸಲ ಕೂಗಬಲ್ಲದು. ಮೂರನೆಯ ಸಲ ಕೂಗಿದರೆ ಅದರ ಗಂಟಲೇ ಸೀಳಿಹೋಗುತ್ತದೆ.

ಅದಕ್ಕೇ ಉಪ್ಪುನಾಡಿನಲ್ಲಿ ಮೂರು ಸಲ ಕೂಗುವ ತನಕ ಯಾರೂ ಯಾರಿಗೂ ಓಗೊಡುತ್ತಿರಲಿಲ್ಲ. ಅಮ್ಮಂದಿರು ಮಕ್ಕಳನ್ನು ಊಟಕ್ಕೆ ಮೂರು ಸಲ ಕೂಗುವರು, ಗಂಡ ಹೆಂಡತಿಯನ್ನು ಮೂರು ಸಲ ಕೂಗುವನು. ಬರುಬರುತ್ತಾ ಅದೇ ಅಲ್ಲಿನ ಅಕ್ಕರೆಯೂ ಆಯಿತು. ಒಂದೇ ಸಲ ಕೂಗಿ ಸುಮ್ಮನಾಗುವವರು ಒಂದೋ ಮಾರಿ, ಇಲ್ಲವೇ ಮನಸ್ಸಿಲ್ಲದೆ ಕರೆಯುವವರು ಎಂದು ಅಲ್ಲಿ ಮಾತಿತ್ತು.

ಈ ಕೂಗುಮಾರಿಯನ್ನು ಬೂದಿಕಂಠ ಎಂಬ ಮಾಂತ್ರಿಕ ಹಿಡಿದು ಪಳಗಿಸಿದ. ಅವನಿಗೆ ಸ್ವಂತ ದನಿಯೇ ಇರಲಿಲ್ಲ. ಮಂತ್ರ ಹೇಳಲು ಬೇರೆಯವರ ದನಿ ಬೇಕು. ಜನ ಓಗೊಡದಿದ್ದರೆ ಏನು ಮಾಡುವುದು? ಯೋಚಿಸಿ ಯೋಚಿಸಿ ಊರಿಗೆ ಬೆಂಕಿ ಹಚ್ಚಿಸಿದ. ಮನೆ ಹತ್ತಿ ಉರಿಯುವಾಗ ಮೂರನೆಯ ಕೂಗಿಗೆ ಕಾಯುತ್ತಾ ನಿಲ್ಲುವವರು ಯಾರು, ಹೇಳಿ?

ನಮ್ಮ ಹುಡುಗಿಯ ಹೆಸರು ನೇರಳೆ. ಅವಳ ತಾಯಿ ಸೋಮಾಜಿ ಹೊಗೆಯೊಳಗೆ ಮಗಳ ಮಣಿಕಟ್ಟು ಹಿಡಿದು ಓಡುತ್ತಿದ್ದಳು. ಹಿಂದಿನಿಂದ ಗಂಡನ ದನಿ ಕೇಳಿಸಿತು: "ಸೋಮಾಜೀ!" ಅವಳು "ಓ" ಎಂದು ತಿರುಗಿದಳು. ಅಷ್ಟೇ. ನೇರಳೆಯ ಮಣಿಕಟ್ಟಿನ ಸುತ್ತ ಅಮ್ಮನ ಬೆರಳು ಬೆಳ್ಳಗೆ, ಗಡುಸಾಗಿ, ತಣ್ಣಗಾದವು. ಬೆಂಕಿ ಹತ್ತಿರ ಬರುತ್ತಿತ್ತು. ಹುಡುಗಿ ಕೈ ಎಳೆದುಕೊಂಡಳು. ಎಳೆದಾಗ ಅಮ್ಮನ ಎರಡು ಬೆರಳು ಮುರಿದು ಬಿದ್ದವು. ಆ ಸದ್ದು, ಕಲ್ಲುಪ್ಪು ಒಡೆದ ಸದ್ದು, ಅವಳ ಕಿವಿ ಬಿಟ್ಟು ಎಂದೂ ಹೋಗಲಿಲ್ಲ.

ಹೊಳೆ ದಾಟಿದವರು ಏಳುಬಾಗಿಲ ರಾಜ್ಯಕ್ಕೆ ಬಂದು ಸೇರಿದರು. ಮೂರನೆಯ ವಾರಕ್ಕೆ ಮುಂಗಾರು ಹಿಡಿಯಿತು. ಆಚೆ ದಡದ ಉಪ್ಪಿನ ಬೊಂಬೆಗಳ ಬಗ್ಗೆ ಅಂದಿನಿಂದ ಯಾರೂ ಮಾತಾಡಲಿಲ್ಲ. ಮಳೆಗೆ ಉಪ್ಪು ಉಳಿಯುತ್ತದೆಯೇ?

ಏಳುಬಾಗಿಲ ರಾಜನ ಕಟ್ಟಳೆ ಹೀಗಿತ್ತು: ಹೊರನಾಡಿನವರು ಒಂದು ವರ್ಷ ಇರಬಹುದು. ವರ್ಷ ತುಂಬುವುದರೊಳಗೆ ಈ ನಾಡಿನ ಯಾರಾದರೂ ಚಾವಡಿಗೆ ಬಂದು "ಇವರು ನಮ್ಮ ಮನೆಯವರು" ಎನ್ನಬೇಕು. ಯಾರೂ ಹಾಗೆನ್ನದಿದ್ದರೆ ದೋಣಿ ಹತ್ತಿಸಿ ಆಚೆ ದಡಕ್ಕೆ ಬಿಟ್ಟುಬರುವುದು. ಆಚೆ ದಡದಲ್ಲಿ ಬೂದಿಕಂಠ ಕಾದಿದ್ದ.

ನೇರಳೆಯನ್ನು ಕೆಲಸಕ್ಕೆಂದು ಕರೆದುಕೊಂಡು ಹೋದವಳು ದ್ಯಾವೀರಕ್ಕ, ನೀಲಿ ಬಣ್ಣ ತುಂಬಿದ ಹರವಿಗಳಲ್ಲಿ, ಆ ದೊಡ್ಡ ಮಣ್ಣಿನ ಮಡಕೆಗಳಲ್ಲಿ, ಬಟ್ಟೆ ಅದ್ದುವವಳು. ಐವತ್ತು ದಾಟಿದ ಹೆಂಗಸು, ಮೊಣಕೈವರೆಗೆ ನೀಲಿ, ಮಾತು ಕಡಿಮೆ. ಮೊದಲ ದಿನ ಊಟಕ್ಕೆ ಒಂದು ಸಲ ಕರೆದಳು. ಆಮೇಲಿನದು ನಿಮಗೆ ಗೊತ್ತೇ ಇದೆ. ಎರಡನೆಯ ದಿನವೂ ಹಾಗೇ ಆದಾಗ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಕಿವುಡೇನೇ ನಿನಗೆ?"

"ಇಲ್ಲ ದೊಡ್ಡಮ್ಮ. ಇನ್ನೆರಡು ಸಲ ಕೂಗಿ. ಬರ್ತೀನಿ."

ದ್ಯಾವೀರಕ್ಕ ಅವಳ ಕೆನ್ನೆಗೆ ಬಾರಿಸಿ ಒಳಗೆ ಹೋಗಿಬಿಟ್ಟಳು. ಕೆನ್ನೆಯ ಮೇಲೆ ಐದು ಬೆರಳು ನೀಲಿಯಾಗಿ ಮೂಡಿದವು.

ಪಕ್ಕದ ಮನೆಯ ಸಿರಿಯಕ್ಕ, ಬಾಯಿಗೆ ಬಿಡುವಿಲ್ಲದ ಹೆಂಗಸು, ಕದ್ದು ಒಂದು ಮುದ್ದೆ ತಂದುಕೊಟ್ಟು ಹೇಳಿದಳು: "ಅಯ್ಯೋ ಪೆದ್ದೀ, ಎಂಥ ಮಾತಾಡಿದೆ! ಈ ನಾಡಲ್ಲಿ ಮೂರು ಸಲ ಹೆಸರು ಕೂಗೋದು ಹೆಣಕ್ಕೆ ಕಣೇ. ಚಟ್ಟ ಎತ್ತೋ ಮುಂಚೆ ಮನೆಯವರು ಮೂರು ಸಲ ಕೂಗ್ತಾರೆ. ಏಳ್ತಾರೇನೋ ಅಂತ ಒಂದು ಆಸೆ. ಬದುಕಿರೋರನ್ನ ಹಾಗೆ ಕೂಗಿದರೆ ಸಾವನ್ನ ಕರೆದ ಹಾಗೆ. ದ್ಯಾವೀರಕ್ಕ ತನ್ನ ಒಬ್ಬಳೇ ಮಗಳನ್ನ ಹಂಗೆ ಕೂಗಿದ್ಲು. ನಿನ್ನಷ್ಟೇ ಇತ್ತು ಆ ಮಗು."

ಅಂದಿನಿಂದ ನೇರಳೆ ಕೇಳಲಿಲ್ಲ, ದ್ಯಾವೀರಕ್ಕ ಕೂಗಲಿಲ್ಲ. ಊಟಕ್ಕೆ, ಕೆಲಸಕ್ಕೆ, ಎಲ್ಲದಕ್ಕೂ ಕದಡುವ ಕೋಲಿನಿಂದ ಹರವಿಯ ಅಂಚಿಗೆ ಟಕ್ ಎಂದು ಒಂದು ಏಟು. ಸದ್ದು ಕೇಳಿ ಹುಡುಗಿ ಬರುವಳು. ಹೀಗೆ ಒಂದು ವರ್ಷ ಆ ಮನೆಯಲ್ಲಿ ಯಾರ ಹೆಸರೂ ಕೇಳಿಸಲಿಲ್ಲ.

ಕೆಲಸ ಮಾತ್ರ ಹುಡುಗಿಗೆ ಹತ್ತಿತು. ಹರವಿಯಿಂದ ಎತ್ತಿದ ಬಟ್ಟೆ ಮೊದಲು ಹಸಿರಾಗಿರುತ್ತದೆ, ಗಾಳಿ ತಾಕಿದ ಹಾಗೆಲ್ಲ ಕಣ್ಣೆದುರೇ ನೀಲಿಯಾಗುತ್ತದೆ. ಬೀದಿಯ ಮಕ್ಕಳು "ಉಪ್ಪಿನ ಕಿವುಡೀ, ಉಪ್ಪಿನ ಕಿವುಡೀ" ಎಂದು ಅಣಕಿಸುವರು. ಅವಳು ತಿರುಗಿ ನೋಡುತ್ತಿರಲಿಲ್ಲ.

ವರ್ಷ ತುಂಬಲು ಇನ್ನು ಹತ್ತೇ ದಿನ ಉಳಿದಿತ್ತು. ಬಿಸಿಲಿಗೆ ದೊಡ್ಡಹೊಳೆ ಸೊಂಟದುದ್ದಕ್ಕೆ ಇಳಿಯಿತು. ಕೂಗುಮಾರಿ ದಾಟಿ ಬಂತು.

ಮೊದಲ ದಿನ, ಮಟಮಟ ಮಧ್ಯಾಹ್ನ. ನೇರಳೆಯೂ ಸಿರಿಯಕ್ಕನೂ ಹೊಳೆಯಲ್ಲಿ ಬಟ್ಟೆ ಜಾಲಿಸುತ್ತಿದ್ದರು. ದಡದ ಆಪುಹುಲ್ಲಿನ ಹಿಂದಿನಿಂದ ದನಿ ಬಂತು: "ನೇರಳೇ, ಆಟಕ್ಕೆ ಬಾರೇ!" ಅದು ಉಪ್ಪುನಾಡಿನ ಗೆಳತಿ ಮುತ್ತುಳಿಯ ದನಿ. ನೇರಳೆ ಒದ್ದೆ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡಳು. ಎರಡನೆಯ ಕೂಗೂ ಬಂತು. ಅವಳು ಓಗೊಡಲಿಲ್ಲ. ಆಗ ಆ ದನಿ "ಅಕ್ಕಾ!" ಎಂದಿತು. ಸಿರಿಯಕ್ಕ, ಪಾಪ, ಜೀವಮಾನದಲ್ಲಿ ಯಾರ ಮಾತಿಗೂ ಉತ್ತರ ಕೊಡದೆ ಇದ್ದವಳಲ್ಲ. "ಓ, ಯಾರವ್ವಾ?" ಎಂದಳು. ಬಾಯಿ ತೆರೆದಂತೆಯೇ ಉಪ್ಪಾದಳು.

ನೇರಳೆ ಓಡಿಹೋಗಿ ಚಾಪೆಗಳನ್ನು ತಂದು ಸಿರಿಯಕ್ಕನಿಗೆ ಹೊದಿಸಿದಳು. ಪಡುವಣದಲ್ಲಿ ಆಗಲೇ ಮೋಡ ಕಟ್ಟುತ್ತಿತ್ತು.

ಎರಡನೆಯ ದಿನ ಅದು ನೇರಳೆಯ ಅಪ್ಪನ ದನಿಯಲ್ಲಿ ಬಂತು: "ನೇರಳೇ, ಕೈ ಹಿಡಿ ಮಗಾ." ನೇರಳೆ ಹರವಿಯ ಅಂಚನ್ನು ಕಚ್ಚಿ ಹಿಡಿದಳು. ತುಟಿ ಒಡೆದು ರಕ್ತ ಬಂತು. ಓಗೊಡಲಿಲ್ಲ. ಆದರೆ ಆ ದಿನ ಊರಲ್ಲಿ ಹದಿನಾಲ್ಕು ಜನ ಒಂದೇ ಕೂಗಿಗೆ ಓಗೊಟ್ಟು ಉಪ್ಪಾದರು.

"ಮೂರನೆಯ ಕೂಗಿನ ತನಕ ಬಾಯಿ ಬಿಡಬೇಡಿ!" ಎಂದು ಹುಡುಗಿ ಬೀದಿಬೀದಿಯಲ್ಲಿ ಬೇಡಿಕೊಂಡಳು.

"ಕೇಳಿದ್ರಾ ಇದರ ಮಾತು? ಹೆಣದ ಕೂಗಿಗೆ ಕಾಯಬೇಕಂತೆ! ಇವರೇ ತಂದ ಪೀಡೆ ಇದು" ಎಂದರು ಜನ.

ಚಾವಡಿಯ ಪಾರುಪತ್ಯಗಾರ ಬೊಪ್ಪಣ್ಣ ಎಲ್ಲರನ್ನೂ ಸೇರಿಸಿದ. ಕೆಟ್ಟವನಲ್ಲ, ಹೆದರಿದ್ದ. "ಹತ್ತು ದಿನ ಕಾಯೋದಿಲ್ಲ. ಯಾರೂ ಹೊಣೆ ಹೊರದ ಹೊರನಾಡಿನವರೆಲ್ಲ ನಾಳೆ ಹೊತ್ತು ಮುಳುಗುವುದರೊಳಗೆ ದೋಣಿ ಹತ್ತಬೇಕು" ಎಂದ. ಮತ್ತೆ ದ್ಯಾವೀರಕ್ಕನ ಕಡೆ ತಿರುಗಿದ. "ಏನಕ್ಕಾ? ಇವಳು ನಿಮ್ಮ ಮನೆಯವಳೋ?"

ದ್ಯಾವೀರಕ್ಕ ತನ್ನ ನೀಲಿ ಕೈಗಳನ್ನೇ ನೋಡುತ್ತಾ ನಿಂತಳು. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಬೊಪ್ಪಣ್ಣ ಹೊಣೆ ಬರೆಯಲು ತೆಗೆದಿದ್ದ ತಾಳೆಯೋಲೆಯನ್ನು ಮಡಿಸಿದ.

ನೇರಳೆ ಆ ಮೌನಕ್ಕೆ ಅಳಲಿಲ್ಲ. ಅಮ್ಮನ ಬೆರಳು ಮುರಿದು ಬಂದವಳನ್ನು ಯಾರು ತಾನೇ ಮನೆಯವಳು ಎಂದಾರು ಎಂದುಕೊಂಡಳು.

ಮೂರನೆಯ ದಿನ ಮಧ್ಯಾಹ್ನ ಯಾರಿಗೂ ಹೇಳದೆ ಹೊಳೆಗೆ ನಡೆದಳು. ದೋಣಿಗೆ ಇನ್ನೂ ಹೊತ್ತಿತ್ತು. ಕೂಗುಮಾರಿ ಅಡಗಿರಲಿಲ್ಲ. ಮರಳ ಮೇಲೆ ಕುಳಿತು ಉದ್ದ ಕತ್ತನ್ನು ಇತ್ತ ಚಾಚಿತ್ತು. ಆ ಬಾಯಿಂದ, ಆ ಮನುಷ್ಯರ ಬಾಯಿಂದ, ಅಮ್ಮ ಕೂಗಿದಳು.

"ನೇರಳೇ!"

ಅದೇ ದನಿ. 'ಳೇ' ಎನ್ನುವಾಗ ತುಸು ಒಡೆಯುವ ಅದೇ ದನಿ. ಹುಡುಗಿ ಅಲ್ಲೇ ಕುಸಿದಳು.

"ನೇರಳೇ! ಉಣ್ಣೋಕೆ ಬಾರೇ ಕಂದಾ!"

ಅದು ಅಮ್ಮನಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೊದಲೆರಡು ದಿನ ಅವಳನ್ನು ಕಾಪಾಡಿದ್ದು ಭಯ, ಇವತ್ತು ಆ ಭಯವೂ ಇರಲಿಲ್ಲ. ಓ ಎಂದುಬಿಟ್ಟರೆ ತನ್ನ ದನಿ ಅಮ್ಮನ ದನಿ ಇರುವಲ್ಲಿಗೇ ಹೋಗಿ ಸೇರುತ್ತದೆ. ದೋಣಿ ಬೇಡ, ಚಾವಡಿ ಬೇಡ, ಹೊಸ ನಾಡೂ ಬೇಡ. ಅವಳು ಬಾಯಿ ತೆರೆದಳು.

"ನೇರಳೇ!"

ಈ ಕೂಗು ಹಿಂದಿನಿಂದ ಬಂದಿತ್ತು. ಒರಟು ದನಿ, ವರ್ಷದಿಂದ ಆ ಹೆಸರನ್ನು ಆಡದ ದನಿ. ಹುಡುಗಿಯನ್ನು ಹುಡುಕಿಕೊಂಡು ಓಡಿಬಂದ ದ್ಯಾವೀರಕ್ಕ ದಡದ ಮೇಲೆ ಏದುಸಿರು ಬಿಡುತ್ತಾ ನಿಂತಿದ್ದಳು. ಹುಡುಗಿ ತಿರುಗಲಿಲ್ಲ.

"ನೇರಳೇ!"

ಇಷ್ಟಕ್ಕೆ ದ್ಯಾವೀರಕ್ಕ ನಿಲ್ಲಿಸಿದಳು. ಇನ್ನೊಂದು ಕೂಗಿದರೆ ಅದು ಹೆಣದ ಕೂಗು. ಆ ಕೂಗನ್ನು ಅವಳು ಒಮ್ಮೆ ಕೂಗಿದ್ದಳು, ಮಗಳು ಎದ್ದಿರಲಿಲ್ಲ. ಇನ್ನೆಂದೂ ಯಾವ ಮಗುವಿನ ಹೆಸರನ್ನೂ ಕೂಗುವುದಿಲ್ಲ ಎಂದು ಅಂದೇ ಬಾಯಿ ಕಟ್ಟಿಕೊಂಡಿದ್ದಳು. ಕೂಗಿದರೆ ಈ ಮಗುವೂ ಹೋದೀತು. ಕೂಗದಿದ್ದರೆ ಹೋಗುತ್ತಿದೆ, ಕಣ್ಣೆದುರೇ ಬಾಯಿ ತೆರೆದಿದೆ. ಅವಳು ಕಣ್ಣು ಮುಚ್ಚಿಕೊಂಡಳು.

"ನೇರಳೇ! ಏಳೇ! ಮನೆಗೆ ನಡಿಯೇ!"

ಮೂರು ಕೂಗಾಯಿತು. ನೇರಳೆ ತಿರುಗಿದಳು.

"ಓ! ಬಂದೆ ದೊಡ್ಡಮ್ಮ."

ಕೂಗುಮಾರಿಗೆ ಓ ಎನ್ನುವುದು ಕೇಳಿಸಿತು, ಆದರೆ ಗಂಟಲಿಗೆ ಏನೂ ಇಳಿಯಲಿಲ್ಲ. ತನ್ನ ಬಾಯಿಯ ತುತ್ತು ಇನ್ನೊಬ್ಬರ ಪಾಲಾಯಿತೆಂದು ಅದು ಹುಚ್ಚೆದ್ದು ಮಿತಿ ಮರೆಯಿತು. ಕತ್ತು ಚಾಚಿ, ಸೋಮಾಜಿಯ ದನಿಯಲ್ಲೇ, ಮೂರನೆಯ ಸಲ ಕೂಗಿತು:

"ನೇರಳೇ!"

ಒಂದು ವರ್ಷದಿಂದ ಹುಡುಗಿ ಕಾಯುತ್ತಿದ್ದ ಅಮ್ಮನ ಮೂರನೆಯ ಕೂಗು ಅದು. ಬಂತು. ಆದರೆ ಅವಳ ಓ ಆಗಲೇ ಇನ್ನೊಬ್ಬಳಿಗೆ ಸಂದಿತ್ತು.

ಕೂಗುಮಾರಿಯ ಗಂಟಲು ಸೀಳಿತು. ಒಳಗಿದ್ದ ದನಿಗಳೆಲ್ಲ ಹಕ್ಕಿಹಿಂಡಿನ ಹಾಗೆ ಹಾರಿದವು. ಆಚೆ ನಾಡಿನಲ್ಲಿ ಮಂತ್ರ ಹೇಳುತ್ತಿದ್ದ ಬೂದಿಕಂಠನ ಬಾಯಿಂದ ಅರ್ಧ ಮಂತ್ರ ಜಾರಿಹೋಗಿ, ಅವನು ಹೆಸರಿಗೆ ತಕ್ಕಂತೆ ಬೂದಿಯಾದ. ಊರಿನ ಹದಿನೈದು ಜನರ ದನಿ ಹದಿನೈದು ಬಾಯಿಗೆ ಮರಳಿತು. ಸಿರಿಯಕ್ಕ ಚಾಪೆ ಕಿತ್ತೆಸೆದು ಎದ್ದಳು. "ಯಾರೇ ಅದು ನನಗೆ ಚಾಪೆ ಸುತ್ತಿದ್ದು? ನಾನೇನು ಒಣಮೀನೇ?"

ಆಚೆ ದಡದವರ ದನಿಗಳಿಗೆ ಮಾತ್ರ ಹೋಗಲು ಮೈ ಇರಲಿಲ್ಲ. ಅಪ್ಪನದು, ಮುತ್ತುಳಿಯದು, ಇನ್ನೂ ನೂರಾರು. ಅವು ನೀರಿನ ಮೇಲೆ ಸ್ವಲ್ಪ ಹೊತ್ತು ಸುಳಿದು ಕಡಲಿನ ಕಡೆ ಹೋದವು. ಒಂದು ದನಿ ಎಲ್ಲದರ ಹಿಂದೆ ಉಳಿದು, ಹುಡುಗಿಯ ಮಣಿಕಟ್ಟಿನ ಹತ್ತಿರ ಬೆಚ್ಚಗೆ ಒಂದು ಸುತ್ತು ಸುತ್ತಿ, ಅದೂ ಹೋಯಿತು. ನೇರಳೆ ಆಗ ಅತ್ತಳು. ವರ್ಷವೆಲ್ಲ ಕೂಡಿಟ್ಟಿದ್ದ ಅಳು. ದ್ಯಾವೀರಕ್ಕ ಪಕ್ಕದಲ್ಲಿ ಮರಳ ಮೇಲೆ ಕೂತಳು. ಸುಮ್ಮನಿರೇ ಎನ್ನಲಿಲ್ಲ.

ಹೊತ್ತು ಮುಳುಗುವ ಮುಂಚೆ ಇಬ್ಬರೂ ಚಾವಡಿಗೆ ಹೋದರು. ದೋಣಿ ಸಿದ್ಧವಾಗಿತ್ತು, ಆದರೆ ಈಗ ಅದು ಬಿಡುಗಡೆಯಾದ ನಾಡಿಗೆ ಹೋಗುವ ದೋಣಿ. ಹಲವರು ನಗುತ್ತಾ, ಹಲವರು ಅಳುತ್ತಾ ಹತ್ತುತ್ತಿದ್ದರು. ಬೊಪ್ಪಣ್ಣ ತಲೆ ಎತ್ತದೆ ಕೇಳಿದ: "ಹೋಗೋದೋ, ಇರೋದೋ ಮಗಳೇ? ಇಷ್ಟ ನಿನ್ನದು."

ನೇರಳೆ ದೋಣಿಯನ್ನು ನೋಡಿದಳು. ಆಚೆ ದಡದಲ್ಲಿ ಅವಳಿಗೆಂದು ಒಂದು ಹರಳು ಉಪ್ಪೂ ಉಳಿದಿರಲಿಲ್ಲ. "ಇರೋದು" ಎಂದಳು.

"ಇವಳು ನಮ್ಮ ಮನೆಯವಳು. ನಿನ್ನೆಯೇ ಹೇಳಬೇಕಿತ್ತು. ನಾಲಿಗೆ ಏಳಲಿಲ್ಲ, ತಪ್ಪಾಯಿತು" ಎಂದಳು ದ್ಯಾವೀರಕ್ಕ.

ಬೊಪ್ಪಣ್ಣ ಓಲೆ ಬಿಡಿಸಿ ಬರೆಯುವ ಕಬ್ಬಿಣದ ಕಂಠ ಹಿಡಿದ. "ಹಾಗಾದರೆ ದ್ಯಾವೀರಕ್ಕನ ಮಗಳು ಅಂತ ಬರೀಲೋ?"

ಹುಡುಗಿಯ ಮುಖ ಬಿಳಿಚಿತು. "ನಾನು ಸೋಮಾಜಿಯ ಮಗಳು" ಎಂದಳು, ಬಹಳ ಸಣ್ಣಗೆ. ಎಲ್ಲಿ ದೊಡ್ಡಮ್ಮನಿಗೆ ನೋಯುತ್ತದೋ ಎಂದು ನೆಲ ನೋಡಿದಳು.

"ಅವ್ವಾ, ಓಲೆಯಲ್ಲಿ ಒಂದು ಹೆಸರಿಗೆ ಮಾತ್ರ ಜಾಗ ಇರೋದು" ಎಂದ ಬೊಪ್ಪಣ್ಣ.

"ಯಾಕಪ್ಪಾ, ರಾಜನ ಮನೇಲಿ ಓಲೆಗೆ ಬರವೇ?" ದ್ಯಾವೀರಕ್ಕ ಗದರಿದಳು. "ಸೋಮಾಜಿಯ ಮಗಳು, ದ್ಯಾವೀರಕ್ಕನ ಮನೆಯವಳು. ಎರಡನ್ನೂ ಬರಿ. ಸಾಲದಿದ್ದರೆ ಇನ್ನೊಂದು ಓಲೆ ಹೊಲಿ."

ಅವನು ಹೊಲಿದ. ಆ ರಾಜ್ಯದ ಚಾವಡಿಯಲ್ಲಿ ಎರಡು ಗರಿ ಸೇರಿಸಿ ಹೊಲಿದ ಮೊದಲ ಓಲೆ ಅದೇ.

ಎಲ್ಲರೂ ಸುಖವಾಗಿದ್ದರು ಎಂದು ಹೇಳಿ ಏಳುವುದು ಕತೆಗಾರರ ವಾಡಿಕೆ. ಇದ್ದರು, ಸುಳ್ಳಲ್ಲ. ದೊಡ್ಡಹೊಳೆಯಲ್ಲಿ ನೀರು ಬಂತು, ಹರವಿಯಲ್ಲಿ ನೀಲಿ ಏರಿತು, ಹುಡುಗಿ ಬೆಳೆದು ಕೆಲಸದಲ್ಲಿ ದೊಡ್ಡಮ್ಮನನ್ನೂ ಮೀರಿಸಿದಳು. ಕೆಲವು ಮಧ್ಯಾಹ್ನ ಮಾತ್ರ ಕಡಲ ಕಡೆಯಿಂದ ಗಾಳಿ ಬೀಸಿದಾಗ ಅವಳು ಬಟ್ಟೆ ಹಿಂಡುವುದನ್ನು ನಿಲ್ಲಿಸಿಬಿಡುವಳು, ಆಗ ಆ ಮನೆಯಲ್ಲಿ ಯಾರೂ ಅವಳನ್ನು ಮಾತಾಡಿಸುತ್ತಿರಲಿಲ್ಲ. ಇದೆಲ್ಲ ಯಾವಾಗ ನಡೆದದ್ದು ಎಂದು ನೀವು ಕೇಳಿಯೇ ಕೇಳುತ್ತೀರಿ. ಓಲೆಯ ಕೊನೆಯಲ್ಲಿ ಬೊಪ್ಪಣ್ಣ ತಿಥಿ ಬರೆದಿದ್ದಾನೆ: ವೈಶಾಖ ಬಹುಳ ದಶಮಿ, ಬುಧವಾರ. ಯಾವ ವರ್ಷ ಅಂತ ಮಾತ್ರ ಬರೆದಿಲ್ಲ.