ಡಬ್ಬಿಯ ಮೇಲೆ ಬರೆದದ್ದು

“ಇದಕ್ಕ ನೀರು ಯಾರು ಹಾಕಿದ್ರು?”

ರಂಜನಾ ಮೇಡಂ ಬಿಳಿ ಡಬ್ಬಿಯನ್ನು ಅಲುಗಾಡಿಸಿದರು. ಒಳಗಿಂದ ನೀರು ತೊಟ್ಟಿಕ್ಕಿತು. ರಾಜೇಶ್ರೀ ಆಯಿಯ ಬೆನ್ನ ಹಿಂದೆ ಸರಿದಳು.

“ನಾನೇ ರೀ,” ಎಂದಳು ಆಯಿ. “ಮ್ಯಾಲಿಂದ ಬಂದದ್ದು, ಕೆಸರಾಗಿತ್ತು. ತೊಳದು, ಕುಂಕುಮ ಹಚ್ಚಿ ದೇವರ ಮುಂದ ಇಟ್ಟೀನಿ. ತಪ್ಪಾತೇನ್ರಿ?”

ಆಯಿ ಎಂದರೆ ರಾಜೇಶ್ರೀಯ ಅಜ್ಜಿ, ಕಮಲಾಪುರದ ಪುತಳಾಬಾಯಿ. ಕಲಬುರಗಿಯ ಶಹಾಬಜಾರದಲ್ಲಿರುವ ರಾಜೇಶ್ರೀ ಐದನೇ ಕ್ಲಾಸು. ಶನಿವಾರ ಬಂತೆಂದರೆ ಅಪ್ಪನ ಜೊತೆ ಬಸ್ಸು ಹತ್ತಿ ಆಯಿಯ ಮನೆಗೆ ಹಾಜರು.

ನಿನ್ನೆ ಮಧ್ಯಾಹ್ನ ಈ ಡಬ್ಬಿ ಕೊಡೆಯಂಥ ಬಟ್ಟೆಗೆ ಜೋತುಬಿದ್ದು, ಆಯಿಯ ಕೆಂಪು ಬಾಳೆಯ ತೋಟಕ್ಕೆ ಇಳಿದಿತ್ತು. ವಿಜ್ಞಾನಿಯಾದ ಮೇಡಂ ಹೈದರಾಬಾದಿನಲ್ಲಿ ದೊಡ್ಡ ಬಲೂನಿಗೆ ಕಟ್ಟಿ ಬಿಟ್ಟ ಕ್ಯಾಮೆರಾ ಅದರಲ್ಲಿತ್ತು. ಅದು ವಿಮಾನಕ್ಕಿಂತ ಮೇಲೆ ಹೋಗಿ, ಶ್ರೀಹರಿಕೋಟಾದಿಂದ ಏರುವ ರಾಕೆಟ್ಟಿನ ಫೋಟೋ ತೆಗೆಯಬೇಕಿತ್ತು. ಅದು ಇಳಿದ ಜಾಗವನ್ನು ಒಳಗಿನ ಯಂತ್ರ ತೋರಿಸಿದ್ದರಿಂದ ಮೇಡಂ ಇವತ್ತು ಹುಡುಕಿಕೊಂಡು ಬಂದಿದ್ದರು.

“ಮುಟ್ಟಬೇಡಿ, ಫೋನ್ ಮಾಡಿ ಅಂತ ಕನ್ನಡದಾಗೇ ಬರದೀವಲ್ರಿ ಅಜ್ಜಿ. ಎಷ್ಟು ದಿನದ ಕೆಲಸ ಇದು! ಫೋಟೋ ಇರೋ ಕಾರ್ಡಿಗೆ ನೀರು ಹೋಗಿದ್ರ ಎಲ್ಲಾ ಮುಗೀತು.”

ಮೇಡಂ ಗದರಲಿಲ್ಲ. ಗದರಿದ್ದರೇ ಚೆನ್ನಾಗಿತ್ತು. ಅವರ ಕಣ್ಣು ತುಂಬಿತ್ತು.

ಆಯಿ ಒಮ್ಮೆ, ಒಂದೇ ಒಂದು ಸಲ, ರಾಜೇಶ್ರೀಯ ಕಡೆ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, “ನನಗ ಓದಾಕ ಬರಂಗಿಲ್ರಿ. ಯಾರಿಗೂ ಕೇಳಲಿಲ್ಲ. ನಂದೇ ತಪ್ಪು” ಎಂದಳು.

ಕೇಳಿದ್ದಳು! “ಏನ್ ಬರದಾರ ನೋಡವ್ವಾ” ಎಂದು ತೋಟದಲ್ಲೇ ಕೇಳಿದ್ದಳು. ರಾಜೇಶ್ರೀ ಡಬ್ಬಿಗೆ ಅಂಟಿಸಿದ್ದ ಚೀಟಿಯ ಮೇಲೆ ಬೆರಳಿಟ್ಟು ಪೂರ್ತಿ ಓದಿಕೊಂಡು, “ಸಿಕ್ಕವರು ಮನಿಗೆ ಒಯ್ಯಬೇಕಂತ ಆಯಿ” ಎಂದಿದ್ದಳು.

ಅವಳ ಕ್ಲಾಸಿನ ಸಪ್ನಾ ಒಮ್ಮೆ ವಿಮಾನ ಹತ್ತಿದ್ದನ್ನೇ ವರ್ಷವಿಡೀ ಹೇಳಿ ತಲೆ ತಿಂದಿದ್ದಳು. ಸೋಮವಾರ ಈ ಡಬ್ಬಿ ತೋರಿಸಿ ಅವಳ ಬಾಯಿ ಮುಚ್ಚಿಸಬೇಕಿತ್ತು. ಈಗ ರಾಜೇಶ್ರೀಯ ಬಾಯೇ ಮುಚ್ಚಿಹೋಗಿತ್ತು.

ಮೇಡಂ ಪುಟ್ಟ ಕಾರ್ಡು ತೆಗೆದು, ಒರೆಸಿ, ಲ್ಯಾಪ್‌ಟಾಪಿಗೆ ಹಾಕಿದರು. ಸ್ಕ್ರೀನು ಕಪ್ಪಗೇ ಇತ್ತು. ಎಷ್ಟು ಹೊತ್ತಾದರೂ ಕಪ್ಪಗೇ ಇತ್ತು. ಆಯಿ ದೇವರ ಕಡೆ ತಿರುಗಿ ಕೈ ಮುಗಿದಳು.

“ಬಂತು! ಬಂತು ನೋಡ್ರಿ!” ಎಂದು ಮೇಡಂ ಕೂಗಿದರು.

ಹಗಲಲ್ಲೇ ಕಪ್ಪಾದ ಆಕಾಶ. ಕೆಳಗೆ ಬಾಗಿದ ನೀಲಿ ಅಂಚು. ದೂರದಲ್ಲಿ ಮೋಡಗಳನ್ನು ದಾಟಿ ಏರುತ್ತಿರುವ ಒಂದು ಬಿಳಿ ಗೆರೆ, ಕೌದಿ ಹೊಲಿಯುವ ದಾರದಷ್ಟು ಸಣ್ಣದು.

“ಅದೇ ರಾಕೆಟ್ಟಿನ ಹೊಗೆ! ನಾವು ತಲಿ ಎತ್ತಿ ನೋಡ್ತೀವಿ. ಇದು ಬಾಜೂಕ ನಿಂತು ನೋಡ್ಯಾದ!” ಮೇಡಂ ನಕ್ಕರು. ಆಯಿಯೂ ನಕ್ಕಳು. ಇನ್ನು ಯಾರೂ ಏನೂ ಕೇಳುವುದಿಲ್ಲ ಎಂದು ರಾಜೇಶ್ರೀ ಹಗುರಾದಳು.

“ಕೆಳಗ ಬಿದ್ದ ಮ್ಯಾಲೂ ಇದು ತಾನೇ ಫೋಟೋ ತೆಗೀತಾ ಇರ್ತದ, ನೀರು ಬೀಳೋ ತನಕ. ನೀವೂ ಬಂದೀರೇನೋ, ನೋಡೋಣ್ರಿ ಅಜ್ಜಿ.” ಮೇಡಂ ಬಟನ್ ಒತ್ತತೊಡಗಿದರು.

ಮೋಡ. ಹೊಲ. ಬಾಳೆ ಎಲೆ.

ರಾಜೇಶ್ರೀಗೆ ಥಟ್ಟನೆ ನೆನಪಾಯಿತು. ಚೀಟಿ ಅಂಟಿಸಿದ್ದು ಕ್ಯಾಮೆರಾದ ಕಣ್ಣಿನ ಪಕ್ಕದಲ್ಲೇ. ಓದುವಾಗ ಅವಳ ಮುಖ ಅಲ್ಲೇ ಇತ್ತು.

ಆಯಿಯ ಕಾಲು ಬಂತು. ಕೆಸರು ಮೆತ್ತಿದ, ಬಿರುಕು ಬಿಟ್ಟ ಹಿಮ್ಮಡಿ. ಡಬ್ಬಿಯನ್ನು ತಲೆಯ ಮೇಲೆ ಹೊತ್ತು ಮನೆತನಕ ನಡೆದ ಕಾಲು. “ಯಾರಿಗೂ ಕೇಳಲಿಲ್ಲ” ಎಂದಿದ್ದಾಳೆ ಆಯಿ. ಮುಂದಿನ ಫೋಟೋ ಬಂದರೆ ಮೇಡಂ ಎದುರು ಆಯಿಯೇ ಸುಳ್ಳುಗಾತಿ ಆಗುತ್ತಾಳೆ.

“ಮೇಡಂ, ನಿಂದರ್ರಿ!”

ಮೇಡಂ ಬೆರಳು ನಿಂತಿತು.

“ಆಯಿ ನನಗ ಕೇಳಿದ್ಲರಿ. ನಾನೇ ಸುಳ್ಳು ಓದಿ ಹೇಳ್ದೆ.”

ಮೇಡಂ ಮೆಲ್ಲಗೆ ಬಟನ್ ಒತ್ತಿದರು. ಸ್ಕ್ರೀನಿನ ತುಂಬ ರಾಜೇಶ್ರೀಯ ಮೂಗು, ಅಕ್ಷರದ ಮೇಲಿಟ್ಟ ಬೆರಳು, ಓದುವ ಎರಡು ಕಣ್ಣು.

ಆಯಿ ಆ ಫೋಟೋವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಡಬ್ಬಿಯನ್ನು ಹತ್ತಿರ ಎಳೆದು, ಚೀಟಿಯ ಮೇಲಿನ ಕುಂಕುಮವನ್ನು ಸೆರಗಿನಿಂದ ಒರೆಸಿದಳು.

“ಈಗ ಓದು. ನಾ ಕೇಳ್ತೀನಿ.”

ರಾಜೇಶ್ರೀ ಬೆರಳಿಟ್ಟಳು. “ದಯವಿಟ್ಟು...” ಮತ್ತೆ ಮೊದಲಿಂದ ಶುರುಮಾಡಿದಳು. “ದಯವಿಟ್ಟು ಇದನ್ನು ಮುಟ್ಟಬೇಡಿ...”

“ಹೂಂ,” ಎಂದಳು ಆಯಿ.

ಒಂದಕ್ಷರವನ್ನೂ ಬಿಡದೆ, ಫೋನ್ ನಂಬರಿನ ತನಕ ರಾಜೇಶ್ರೀ ಓದಿದಳು. ಆಯಿ ಒಂದೊಂದು ಮಾತಿಗೂ “ಹೂಂ” ಎನ್ನುತ್ತಲೇ ಇದ್ದಳು.