ಶಲ್ಬಿಯಾಳ ಷರತ್ತು

"ರೀ! ಬಾಯಿಂದ ಬೆರಳು ತೆಗೀರಿ!"

ಸೌಸನ್ ಬೆಚ್ಚಿಬಿದ್ದಳು. ಹಾಳೆ ತಿರುವಲು ನಾಲಿಗೆಗೆ ತಾಗಿಸಿದ್ದ ಬೆರಳು ಅಲ್ಲೇ ನಿಂತಿತು. ಕೈರವಾನ್ ಊರಿನ ದಾಖಲೆ ಕಚೇರಿಯಲ್ಲಿ ಓದುತ್ತ ಕುಳಿತಿದ್ದವರೆಲ್ಲ ಕತ್ತು ಹೊರಳಿಸಿ ಅವಳನ್ನೇ ನೋಡಿದರು.

"ಎಂಬತ್ತು ವರ್ಷದ ಕಾಗದ ಅದು. ಉಗುಳು ತಡೆಯಲ್ಲ," ಎಂದ ಎದುರು ನಿಂತಿದ್ದ ಕನ್ನಡಕದ ಯುವಕ.

'ಅಬ್ಬಾ, ಏನು ದರ್ಪ!' ಅವಳ ಮುಖ ಕೆಂಪಾಯಿತು. "ಮೆತ್ತಗೆ ಹೇಳಿದ್ರೂ ನಂಗೆ ಕೇಳ್ಸತ್ತೆ!"

"ಮೆತ್ತಗೆ ಹೇಳೋಷ್ಟರಲ್ಲಿ ಹಾಳೆ ಒದ್ದೆಯಾಗಿರ್ತಿತ್ತು."

ಅವನೇ ವಜ್ದಿ. ಅಲ್ಲಿನ ಹಳೆಯ ಪತ್ರಗಳೆಲ್ಲ ಅವನ ಉಸ್ತುವಾರಿಯಲ್ಲಿದ್ದವು.

ಬೇರೆ ದಿನವಾಗಿದ್ದರೆ ಸೌಸನ್ ಎದ್ದು ಹೊರಟೇಬಿಡುತ್ತಿದ್ದಳು. ಆದರೆ ಮನೆಯಲ್ಲಿ ಅಜ್ಜಿ ಕಾಯುತ್ತಿದ್ದಳು. ತುರ್ಕಿಯಾ ಅಜ್ಜಿಗೆ ಐದು ವರ್ಷವಾಗಿದ್ದಾಗಲೇ ತಾಯಿ ಶಲ್ಬಿಯಾ ತೀರಿಹೋಗಿದ್ದಳು. ಸಾಕಿದ ಸೋದರಮಾವನ ಹೆಂಡತಿ ಮಾತು ಮಾತಿಗೂ, "ಗಂಡ ಹೊರಗೆ ಹಾಕಿದವಳ ಮಗಳು" ಎಂದೇ ಹಂಗಿಸಿದ್ದಳು. ಆ ಒಂದು ಮಾತು ಎಂಬತ್ತು ವರ್ಷ ಅಜ್ಜಿಯನ್ನು ಒಳಗೊಳಗೇ ಕೊರೆದಿತ್ತು.

"ನನ್ನಮ್ಮ ಏನು ತಪ್ಪು ಮಾಡಿದ್ಳೇ, ಸೌಸನ್? ಕಣ್ಣು ಮುಚ್ಚೋ ಮೊದ್ಲು ಅದೊಂದು ಗೊತ್ತಾದ್ರೆ ಸಾಕು..."

ಆ ಮುದಿ ಕಣ್ಣುಗಳ ನೀರನ್ನು ನೋಡಿಕೊಂಡು ಸುಮ್ಮನಿರುವುದು ಹೇಗೆ, ಹೇಳಿ!

ವಿಷಯ ಕೇಳುತ್ತಲೇ ವಜ್ದಿಯ ಗಡಸು ಇಳಿಯಿತು. "ಯಾವ ಬೀದಿಯವರು?"

"ನೇಕಾರರ ಬೀದಿ."

ಅವನು ಕ್ಷಣ ಕಣ್ಣು ಮುಚ್ಚಿದ. "ಆಗ ಆ ಬೀದಿಯವರ ಮದುವೆ ಪತ್ರ ಬರೀತಿದ್ದವರು ಇಬ್ಬರೇ. ಒಬ್ಬರ ಅಕ್ಷರ ಮುತ್ತು. ಇನ್ನೊಬ್ಬರದ್ದು ದೇವರಿಗೇ ಪ್ರೀತಿ. ನಿಮ್ಮ ಅದೃಷ್ಟ ಹೇಗಿದೆ ನೋಡೋಣ."

ಅದೃಷ್ಟ ಎರಡನೆಯವರನ್ನೇ ಕೊಟ್ಟಿತು! ಇರುವೆ ಸಾಲಿನಂಥ ಆ ಬರಹವನ್ನು ವಜ್ದಿ ಸರಾಗವಾಗಿ ಓದುತ್ತಿದ್ದ. ಹರಿದ ಅಂಚನ್ನು ಅವನ ಬೆರಳು ಮುಟ್ಟಿಯೂ ಮುಟ್ಟದಂತೆ ಸರಿಸುತ್ತಿತ್ತು. ಯಾರೋ ಸತ್ತ ಮುದುಕನ ಹೆಸರನ್ನೂ ಅವನು ಮರ್ಯಾದೆಯಿಂದ ಉಚ್ಚರಿಸುತ್ತಿದ್ದ. 'ಇಂಥ ಮನುಷ್ಯನೂ ಇರ್ತಾನಾ!' ಎಂದು ಅವಳು ಬೆರಗಾಗಿ ನೋಡಿದಳು.

ಆಸ್ಪತ್ರೆಯ ದಾದಿ ಕೆಲಸಕ್ಕೆ ರಜೆ ಇದ್ದ ಪ್ರತಿ ಮಂಗಳವಾರ ಸೌಸನ್ ಅಲ್ಲಿ ಹಾಜರ್. ಕೈಯಲ್ಲಿ ಖರ್ಜೂರ ತುಂಬಿದ ಮಕ್ರೂದ್ ಮಿಠಾಯಿಯ ಡಬ್ಬಿ. ಎಣ್ಣೆ ಕೈಯಿಂದ ಕಾಗದ ಮುಟ್ಟುವಂತಿಲ್ಲವಲ್ಲ, ಅಂಗಳದಲ್ಲಿ ಕುಳಿತು ತಿಂದು, ಕೈ ತೊಳೆದು ಒಳಗೆ ಬರುತ್ತಿದ್ದರು.

ಜವಾನ ಖಮೀಸ್ ಕಾಕಾ ಮೀಸೆಯಡಿ ನಗುತ್ತಿದ್ದ. "ಏನಮ್ಮಾ, ಮುತ್ತಜ್ಜಿ ಸಿಕ್ಕಿದ್ಳಾ, ಇಲ್ಲಾ ಬೇರೆ ಯಾರಾದ್ರೂ ಸಿಕ್ಕಿದ್ರಾ?"

"ಕಾಕಾ!" ಎಂದು ರೇಗಿದರೂ ಅವಳ ಕೆನ್ನೆ ಸುಳ್ಳು ಹೇಳುತ್ತಿರಲಿಲ್ಲ.

ಒಂಬತ್ತನೆಯ ಮಂಗಳವಾರ ವಜ್ದಿ ತಲೆಯೆತ್ತಲೇ ಇಲ್ಲ. "ಇನ್ನೂ ಏನೂ ಸಿಕ್ಕಿಲ್ಲ. ಮುಂದಿನ ವಾರ ಬನ್ನಿ."

ಹೊರಗೆ ಬಂದರೆ ಖಮೀಸ್ ಕಾಕಾ, "ಮದುವೆ ಪತ್ರ ಸಿಕ್ತಂತಲ್ಲ, ಹೋದ ಗುರುವಾರವೇ! ಸಿಹಿ ಎಲ್ಲಿ?" ಎಂದ.

ಗುರುವಾರವೇ? ಹಾಗಾದರೆ... ಸುಳ್ಳು ಹೇಳಿದನೇ?

ದಡದಡನೆ ವಾಪಸ್ ಬಂದಳು. "ಯಾಕೆ ಬಚ್ಚಿಟ್ರಿ? ನನ್ನ ಮುತ್ತಜ್ಜಿ ಬಗ್ಗೆ ಹೊಲಸು ಬರೆದಿದ್ಯಾ ಅದ್ರಲ್ಲಿ? ನಾನು ತಡ್ಕೊಳ್ಳಲ್ಲ ಅಂತ ಕರುಣೆ ತೋರಿಸ್ತಿದ್ದೀರಾ? ನಿಮ್ಮನ್ನ ಎಷ್ಟು ನಂಬಿದ್ದೆ ಗೊತ್ತಾ!"

"ಸೌಸನ್ ಅವರೇ, ಒಂದು ನಿಮಿಷ..."

"ಬೇಡ! ನಿಮ್ಮ ಕಾಗದ ನೀವೇ ಇಟ್ಕೊಳ್ಳಿ!"

ಮನೆಗೆ ಬಂದು ದಿಂಬಿನಲ್ಲಿ ಮುಖ ಹುದುಗಿಸಿ ಅತ್ತಳು. ಅಳು ಅಜ್ಜಿಗಾಗಿಯೋ ತನಗಾಗಿಯೋ, ಅವಳಿಗೇ ತಿಳಿಯಲಿಲ್ಲ.

ಶುಕ್ರವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ತೆರೆದರೆ ವಜ್ದಿ! ನಿದ್ದೆಗೆಟ್ಟ ಕಣ್ಣು, ಕೈಯಲ್ಲಿ ಎರಡು ನಕಲು ಪ್ರತಿಗಳು.

"ಬೈಯ್ಯೋದಿದ್ರೆ ಆಮೇಲೆ ಬೈರಿ. ಮೊದ್ಲು ಅಜ್ಜಿ ಹತ್ರ ಓದ್ತೀನಿ."

ಅಜ್ಜಿ ದಿವಾನದ ಮೇಲೆ ಎದ್ದು ಕುಳಿತಳು. ವಜ್ದಿ ಅವಳ ಕಾಲ ಬಳಿ ನೆಲದಲ್ಲೇ ಕುಳಿತು ಮೊದಲು ಮದುವೆ ಪತ್ರ ಓದಿದ. ನಮ್ಮೂರಿನ ಹಳೆಯ ಪದ್ಧತಿಯಂತೆ ಅದರಲ್ಲೊಂದು ಷರತ್ತಿತ್ತು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡರೆ, ತನ್ನನ್ನು ತಾನು ಬಿಡಿಸಿಕೊಳ್ಳುವ ಅಧಿಕಾರ ಶಲ್ಬಿಯಾಳ ಕೈಯಲ್ಲೇ.

"ಇದಿಷ್ಟೇ ಹೋದ ವಾರ ಗುರುವಾರ ಸಿಕ್ಕಿದ್ದು," ಎಂದ ಸೌಸನ್ ಕಡೆ ತಿರುಗಿ. "ಮುಂದೇನಾಯ್ತು ಅಂತ ಗೊತ್ತಿಲ್ದೆ ಅರ್ಧ ಸುದ್ದಿ ಹೇಗೆ ತರ್ಲಿ? ಎಲ್ರೂ ಗಂಡನೇ ಬಿಟ್ಟಿರ್ತಾನೆ ಅಂದ್ಕೊಂಡು, ಹೆಂಡತೀನ ಬಿಟ್ಟ ಗಂಡಸರ ಪಟ್ಟೀಲೇ ಹುಡುಕೋದು. ನಾನೂ ಅಷ್ಟೇ, ದಡ್ಡ. ಅವಳೇ ಬಿಟ್ಟಿರಬಹುದು ಅಂತ ಹೊಳೆದಿದ್ದೇ ಈ ಷರತ್ತು ನೋಡಿದ್ಮೇಲೆ. ಆಮೇಲೆ ಖಾಜಿಯ ಪುಸ್ತಕಗಳನ್ನ ಒಂದೊಂದಾಗಿ ತೆಗೆದೆ. ನಿನ್ನೆ ಸಂಜೆ ಸಿಕ್ತು."

ಅವನು ಎರಡನೆಯ ಪ್ರತಿ ಬಿಡಿಸಿ ಓದಿದ.

"ಶಲ್ಬಿಯಾ ಕೂಸನ್ನೆತ್ತಿಕೊಂಡು ಬಂದಳು. ಗಂಡ ಗುಟ್ಟಾಗಿ ಎರಡನೆಯ ಮದುವೆಯಾದದ್ದಕ್ಕೆ ಸಾಕ್ಷಿ ಕೊಟ್ಟಳು. ಷರತ್ತಿನಂತೆ ತನ್ನನ್ನು ತಾನೇ ಬಿಡಿಸಿಕೊಂಡಳು. ಗಂಡ ಬೇಡಿಕೊಂಡ. ಅವಳು ಒಪ್ಪಲಿಲ್ಲ."

ಅಜ್ಜಿ ಮುಂದಕ್ಕೆ ಬಾಗಿದಳು. "ಅವನು... ಬೇಡಿಕೊಂಡ್ನಾ?"

"ಹೂಂ ಅಜ್ಜಿ. ಬರೆದಿದೆ."

"ಇನ್ನೊಂದ್ಸಲ ಓದಪ್ಪಾ."

ಅವನು ನಾಲ್ಕು ಸಲ ಓದಿದ. ಐದನೆಯ ಸಲಕ್ಕೆ ಅಜ್ಜಿ, "ಕಿಟಕಿ ತೆಗೀರೇ! ಜೋರಾಗಿ ಓದು, ಆ ಪಕ್ಕದ್ಮನೆ ಹಲೀಮಾಗೂ ಕೇಳ್ಲಿ!" ಎಂದು, ಅಳುತ್ತಳುತ್ತಲೇ ನಕ್ಕುಬಿಟ್ಟಳು. "ನನ್ನಮ್ಮ! ಎಂಥಾ ಗಟ್ಟಿಗಿತ್ತಿ ನನ್ನಮ್ಮ!"

ಸೌಸನ್ ಅಂಗಳಕ್ಕೆ ಬಂದು ಕಣ್ಣೊರೆಸಿಕೊಂಡಳು. ಹಿಂದೆಯೇ ವಜ್ದಿ ಬಂದ.

"ಕ್ಷಮಿಸಿ, ವಜ್ದಿ ಅವರೇ. ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ."

"ತಪ್ಪು ನಂದೇ. ನಿಮ್ಮ ಮುಖ ಬಾಡೋದು ನೋಡೋಕಾಗಲ್ಲ ಅಂತ ಬಾಯಿ ಮುಚ್ಕೊಂಡೆ." ಅವನು ತಡವರಿಸಿದ. "ನಂಗೂ ಅಂಥದ್ದೊಂದು ಮದುವೆ ಪತ್ರ ಬರೆಸ್ಬೇಕು ಅಂತಿದೆ... ನಿಮ್ಮ ಜೊತೆ. ಎರಡನೇ ಮದುವೆ ಈಗ ನಮ್ಮ ದೇಶದ ಕಾನೂನೇ ಬಿಡಲ್ಲ. ಬೇರೆ ಷರತ್ತು ನೀವೇ ಹೇಳಿ."

ಅವಳು ಮನಸ್ಸಿನಲ್ಲೇ ಮುತ್ತಜ್ಜಿಯನ್ನು ಕೇಳಿದಳು. 'ಶಲ್ಬಿಯಾ ಅಜ್ಜೀ, ನೀನಾಗಿದ್ರೆ ಏನು ಕೇಳ್ತಿದ್ದೆ?'

"ಒಂದೇ," ಎಂದಳು ಮೆಲ್ಲಗೆ. "ಒಳ್ಳೇದೋ ಕೆಟ್ಟದ್ದೋ, ಅರ್ಧವೋ ಪೂರ್ತಿಯೋ... ಆವತ್ತಿಂದು ಆವತ್ತೇ ಹೇಳ್ಬೇಕು. ಕರುಣೆ ಅಂತಾನೂ ಬಚ್ಚಿಡಬಾರದು."

"ಒಪ್ಪಿದೆ. ಇವತ್ತಿಂದು ಇವತ್ತೇ ಹೇಳ್ತೀನಿ. ನಿಮ್ಮನ್ನ ತುಂಬಾ ಪ್ರೀತಿಸ್ತೀನಿ, ಸೌಸನ್... ಮತ್ತೆ, ತುಂಬಾ ಹೆದರಿಕೆನೂ ಆಗ್ತಿದೆ."

ಅವಳು ಅವನ ಕೈ ಹಿಡಿದಳು. ಆ ಕೈ ತಣ್ಣಗಿತ್ತು.

"ನಂಗೂ ಅಷ್ಟೇ," ಎಂದಳು. "ಎರಡೂ."