ನಾಲ್ಕು ನಿಮಿಷ ಹಿಂದಿನ ಗಡಿಯಾರ

ಮಾರ್ಚ್ ಹನ್ನೊಂದು, ಮಂಗಳವಾರ, ಮಧ್ಯಾಹ್ನ. ತಮ್ಮ ತೀರಿಕೊಂಡು ನಲವತ್ತಮೂರು ದಿನಗಳಾಗಿದ್ದವು. ಮರುದಿನದಿಂದ ಅವನ ಪುಟ್ಟ ಕಂಪ್ಯೂಟರಿನಲ್ಲೇ ಅವನ ಹೆಂಡತಿ ಕೆಲಸ ಆರಂಭಿಸಬೇಕಿತ್ತು. ಅದರ ಪಾಸ್‌ವರ್ಡ್ ಅವನೊಂದಿಗೇ ಹೋಗಿತ್ತು.

ನಾನು ತಂತಿ ಕಳಚಿ, ಒಳಗಿನ ನಾಣ್ಯದಂಥ ಬ್ಯಾಟರಿಯನ್ನು ತೆಗೆದು ಹತ್ತು ನಿಮಿಷ ಮೇಜಿನ ಮೇಲಿಟ್ಟೆ. ಹಾಗೆ ಮಾಡಿದರೆ ಕಂಪ್ಯೂಟರನ್ನು ಎಬ್ಬಿಸುವ ಬಯಾಸ್ ಎಂಬ ಮೂಲ ತಂತ್ರಾಂಶ ಪಾಸ್‌ವರ್ಡನ್ನೂ ವೇಳೆಯನ್ನೂ ಮರೆಯಬೇಕು. ಪಾಸ್‌ವರ್ಡನ್ನು ಮರೆಯಿತು. ಗಡಿಯಾರ ಮಾತ್ರ ಅಂದಿನ ದಿನಾಂಕವನ್ನೇ ತೋರಿಸಿತು, ನನ್ನ ಕೈಗಡಿಯಾರಕ್ಕಿಂತ ನಾಲ್ಕು ನಿಮಿಷ ಹಿಂದೆ. ಮೂರು ಬಾರಿ ತಿದ್ದಿ ಉಳಿಸಿದೆ. ಮೂರು ಬಾರಿಯೂ ಅದೇ ನಾಲ್ಕು ನಿಮಿಷ. ಒಂದು ಗಂಟೆ ಓಡಿದ ಕಂಪ್ಯೂಟರಿನ ಪೆಟ್ಟಿಗೆ ಮುಟ್ಟಿದರೆ ತಣ್ಣಗಿತ್ತು.

ಕೊನೆಗೆ ಧ್ವನಿ ಹೊರಡಿಸಲು ಬೇಕಾದ ಡ್ರೈವರ್ ತಂತ್ರಾಂಶ ಹಾಕಿದೆ. ಸ್ಪೀಕರನ್ನೇ ಜೋಡಿಸದ ಪೆಟ್ಟಿಗೆಯಿಂದ, ನನ್ನನ್ನು ಕರೆಯುವ ಮುನ್ನ ತಮ್ಮನು ಗಂಟಲು ಸರಿಮಾಡಿಕೊಳ್ಳುತ್ತಿದ್ದ ಸದ್ದು ಬಂತು.

ಅವನ ಹೆಂಡತಿ ಬಾಗಿಲಿಗೆ ಬಂದಳು. “ಭಾವ, ಕೆಮ್ಮಿದ್ದು ನೀವಾ?”

“ಹೌದಮ್ಮ.”

“ಗಡಿಯಾರ ಇನ್ನೂ ಸರಿಹೋಗ್ಲಿಲ್ವಾ? ಕೊನೇ ದಿನ ಆಸ್ಪತ್ರೇಲಿ ಅವರೂ ಗಡಿಯಾರಾನೇ ನೋಡ್ತಿದ್ರು. ‘ಅಣ್ಣ ಎರಡಕ್ಕೆ ಬರ್ತೀನಿ ಅಂದಿದಾನೆ, ಲೆಕ್ಕದ ಮೇಷ್ಟ್ರು, ತಡ ಮಾಡಲ್ಲ’ ಅಂತ ನಗ್ತಿದ್ರು.”

ಅಂದು ನಾನು ಎರಡಕ್ಕೇ ಆಸ್ಪತ್ರೆ ತಲುಪಿದ್ದೆ. ಕೆಳಗಿನ ಕೌಂಟರಿನಲ್ಲಿ ತಮ್ಮನ ವಯಸ್ಸನ್ನು ಒಂದು ವರ್ಷ ಹೆಚ್ಚಾಗಿ ಬರೆದಿದ್ದರು. ಹುಟ್ಟಿದ ವರ್ಷವನ್ನು ಕಳೆದು ತೋರಿಸಿ ತಿದ್ದಿಸುತ್ತ ನಿಂತೆ. ಮೇಲೆ ಹೋದಾಗ ಎರಡು ಗಂಟೆ ನಾಲ್ಕು ನಿಮಿಷ. ಅವನ ಉಸಿರು ಆಗಷ್ಟೇ ನಿಂತಿತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಆ ಗಡಿಯಾರವನ್ನು ಮತ್ತೆ ತಿದ್ದಲು ಕೈ ಬರಲಿಲ್ಲ. ನಾಲ್ಕು ನಿಮಿಷ ಇಂದಿಗೂ ಬಾಕಿ ಇದೆ.